ಒಂದೇ ಕಾಲಿನ ಬಾವು

ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಎಂದರೆ ಪಾಪಕ್ಕನನ್ನೇ ಕರೆಸುತ್ತಿದ್ದರು. ಕೂಲಿ ಮಾಡಿ ಬದುಕುತ್ತಿದ್ದ ವಿಧವೆ. ಇದ್ದದ್ದು ಒಬ್ಬಳೇ ಮಗಳು, ಕನಕಮ್ಮ.

೧೯೫೮ರಲ್ಲಿ ಏಳು ತಿಂಗಳ ಬಸುರಿ ಕನಕಮ್ಮ ತವರಿಗೆ ಬಂದಾಗ ಅವಳ ಎಡಗಾಲು ಬಾತಿತ್ತು. ಬಸುರಿಯರ ಬಾವು ಪಾಪಕ್ಕನಿಗೆ ಹೊಸದಲ್ಲ. ಹರಳೆಣ್ಣೆ ಬೆಚ್ಚಗೆ ಮಾಡಿ ದಿನಾ ಸಂಜೆ ಮೀನಖಂಡ ತಿಕ್ಕಿದಳು. ನೋವೆಂದು ಮಗಳು ಕಾಲೆಳೆದುಕೊಂಡರೂ ಬಿಡಲಿಲ್ಲ. ಐದನೆಯ ಸಂಜೆ, ತಿಕ್ಕಿಸಿಕೊಂಡು ಎದ್ದು ನಿಂತ ಕನಕಮ್ಮ ಎದೆ ಹಿಡಿದುಕೊಂಡಳು. "ಅಮ್ಮಾ, ಉಸ್ರು ಆಡ್ತಿಲ್ಲ" ಎಂದಳು. ಅಷ್ಟೇ. ಹೊಟ್ಟೆಯಲ್ಲಿದ್ದ ಕೂಸೂ ಅವಳೊಂದಿಗೆ ಹೋಯಿತು.

ತಿಥಿ ಮುಗಿದ ಮೇಲೆ ಪಾಪಕ್ಕ ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಮುಂದೆ ನಿಂತಳು.

"ನಾನೇ ಸಾಯಿಸ್ದೆನಾ? ಅದೊಂದು ಯೋಳಿ."

ಎಲ್ಲವನ್ನೂ ಕೇಳಿಕೊಂಡ ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬೇಕು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಹೀಗಾಗುತ್ತದೆ. ತಿಕ್ಕಬಾರದಿತ್ತು. ತಿಕ್ಕದಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾರೆ."

"ಅದು ಗೊತ್ತಾಗೋದೆಂಗೆ?"

"ಒಂದೇ ಕಾಲು ಬಾತು, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅನುಮಾನಪಡಬೇಕು. ಎರಡೂ ಕಾಲಿಗೆ ದಾರ ಸುತ್ತಿ ಅಳೆದು ನೋಡು. ಹೆಚ್ಚುಕಡಿಮೆ ಇದ್ದರೆ ಇಲ್ಲಿಗೆ ಕರೆದುಕೊಂಡು ಬಾ."

ಮತ್ತೆ ಯಾರೂ ಅವಳನ್ನು ಹೆರಿಗೆಗೆ ಕರೆಯಲಿಲ್ಲ. ಅವಳೇ ದಾರ ಹಿಡಿದುಕೊಂಡು ಬಸುರಿಯರಿದ್ದ ಮನೆಗಳಿಗೆ ಹೋಗತೊಡಗಿದಳು. ಮಗಳನ್ನು ತಿಂದವಳು ಎಂದು ಕೆಲವರು ಬಾಗಿಲು ಹಾಕಿಕೊಂಡರು.

ಐದು ವರ್ಷದ ನಂತರ ಪೆದ್ದಮ್ಮ ಎಂಬವಳ ಬಸುರಿ ಸೊಸೆ ಮುನಿಗಂಗಮ್ಮನ ಕಾಲು ಅಳೆದಾಗ, ಬಲಗಾಲಿಗೆ ಸರಿಹೋದ ದಾರ ಎಡಗಾಲಿಗೆ ಎರಡು ಬೆರಳು ಸಾಲದಾಯಿತು. ಪೆದ್ದಮ್ಮ ಎಣ್ಣೆ ಬಟ್ಟಲು ಹಿಡಿದು ಬಂದಳು.

"ಬಸ್ರಿಗೆ ಕಾಲು ಬಾಯದೆ ಇನ್ನೇನು? ಎದ್ದು ಓಗು."

ಪಾಪಕ್ಕ ಅವಳ ಪಾದ ಹಿಡಿದುಕೊಂಡಳು. "ತಿಕ್ಬ್ಯಾಡ ಪೆದ್ದಮ್ಮ. ನಾನು ತಿಕ್ಕಿ ಕಳ್ಕೊಂಡೆ."

ಮುನಿಗಂಗಮ್ಮನ ಗಂಡ ಕೋದಂಡಪ್ಪ ಕೋಲಾರದ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಕೆಲಸಕ್ಕಿದ್ದವನು, ಅಂದು ರಜೆಯಲ್ಲಿದ್ದ. ತಾಯಿಯ ಕೈಯಿಂದ ಬಟ್ಟಲು ತೆಗೆದಿಟ್ಟು ಗಾಡಿ ಕಟ್ಟಿಸಿದ. ದಾರಿಯುದ್ದಕ್ಕೂ ಪಾಪಕ್ಕ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಗಾಡಿ ಕುಲುಕಿದಾಗಲೆಲ್ಲ ಹುಡುಗಿಯ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದಳು.

ಡಾಕ್ಟರಮ್ಮ ಅಂದೇ ಹೆಪ್ಪು ಬೆಳೆಯದಂತೆ ಇಂಜೆಕ್ಷನ್ ಶುರುಮಾಡಿದರು. ಎರಡು ತಿಂಗಳು ಆಸ್ಪತ್ರೆಯಲ್ಲೇ ಕಳೆದು ಮುನಿಗಂಗಮ್ಮ ಹೆಣ್ಣುಮಗು ಹೆತ್ತಳು.

ಸುದ್ದಿ ಹೇಳಲು ಕೋದಂಡಪ್ಪ ಬಂದ.

"ಕಾಲೆಂಗೈತೆ?" ಎಂದಳು ಪಾಪಕ್ಕ.

"ಭಾರ ಅಂತಾಳೆ. ನಡೀತಾಳೆ."

ಸರಿ ಎಂದು ಅವನನ್ನು ಕಳಿಸಿ ಬಾಗಿಲಿಗೆ ಅಗಣಿ ಹಾಕಿಕೊಂಡಳು. ಮಗಳು ಸತ್ತ ದಿನವೂ ಅಳದವಳು ಅಂದು ಅತ್ತಳು. ಅಕ್ಕಪಕ್ಕದವರು ಬಾಗಿಲು ತಟ್ಟಿದರೂ ತೆಗೆಯಲಿಲ್ಲ.