ನುಡಿಸದ ಗಿಟಾರನ್ನು ಕಿವಿಗೊಟ್ಟು ಕೇಳಿದ್ದು

೧೯೮೧ರಲ್ಲಿ ನಾನು ತುಮಕೂರಿನ ಬಟವಾಡಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯ ಮಾಲೀಕ, ಮುಖ್ಯ ತಂತ್ರಜ್ಞ ಹಾಗೂ ಕಸ ಗುಡಿಸುವವ. ಈ ಮೂರು ಹುದ್ದೆಗಳ ನಡುವೆ ಎಂದೂ ಭಿನ್ನಾಭಿಪ್ರಾಯ ಬಂದದ್ದಿಲ್ಲ. ಹಿಂದಿನ ಕೋಣೆಯೇ ಮನೆ, ಒಬ್ಬನೇ ಇದ್ದೆ. ರಿಪೇರಿಯಾದ ರೇಡಿಯೋ ಮಾತು ಶುರುಮಾಡಿದ ಕೂಡಲೇ ತನ್ನ ಮನೆಗೆ ಹೊರಟುಬಿಡುತ್ತದೆ. ಹೀಗಾಗಿ ನನ್ನ ಜೊತೆ ಉಳಿಯುತ್ತಿದ್ದವರೆಲ್ಲ ಮೂಕರೇ.

ಒಂದು ಮಧ್ಯಾಹ್ನ ಗುಬ್ಬಿಯ ಶಿವಣ್ಣ ಗಿಟಾರ್ ಮತ್ತು ಅದರ ಸಾಮಾನು ಹೊತ್ತು ಬಂದ. ಬಟ್ಟೆ ಅಂಗಡಿಯಲ್ಲಿ ಕೆಲಸ, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾ.

"ಸಾರ್, ನನ್ ಗಿಟಾರು ಕಂಬ್ಳಿ ಹೊದ್ಕೊಂಡು ಹಾಡ್ದಂಗೆ ಕೇಳ್ತದಂತೆ. ಭಾನುವಾರ ಕುಣಿಗಲ್ ಮದ್ವೇಲೂ ಹಿಂಗೇ ಆದ್ರೆ ನನ್ನ ಬುಟ್ಟು ಅಕಾರ್ಡಿಯನ್ ಬಾರ್ಸೋನ್ನ ಕರ್ಕೋತೀನಿ ಅಂದವ್ರೆ ನಮ್ ಆರ್ಕೆಸ್ಟ್ರಾ ಮಾಲೀಕ್ರು ರಂಗಣ್ಣ."

ತಪ್ಪು ಬೆರಳಿನದಲ್ಲ. ಗಾಯಕರಿಗೆ ಜಾಗ ಬೇಕೆಂದು ಇವನನ್ನು ವೇದಿಕೆಯ ಮೂಲೆಗೆ ತಳ್ಳಿದ್ದರು. ಕಾಲಲ್ಲಿ ಒತ್ತಿ ಸ್ವರದ ಬಣ್ಣ ಬದಲಿಸುವ ಅವನ ಎಫೆಕ್ಟ್ ಪೆಡಲ್‌ನಿಂದ ಆಂಪ್ಲಿಫೈಯರ್‌ವರೆಗೆ ಎಳೆದ ಉದ್ದದ ವೈರು ಸ್ವರದ ಚುರುಕನ್ನೆಲ್ಲ ನುಂಗುತ್ತಿತ್ತು. ಮದ್ದೆಂದರೆ ಪೆಡಲ್ ಒಳಗೊಂದು ಬಫರ್: ಒಂದೇ ಟ್ರಾನ್ಸಿಸ್ಟರಿನ ಸಣ್ಣ ಸರ್ಕ್ಯೂಟ್. ಅದು ಸದ್ದನ್ನು ಹೆಚ್ಚಿಸುವುದಿಲ್ಲ. ವೈರಿನ ಭಾರ ತಾನು ಹೊತ್ತು, ಬಂದ ಸ್ವರವನ್ನು ಬಂದ ಹಾಗೇ ಮುಂದಕ್ಕೆ ಕಳಿಸುತ್ತದೆ.

ಆದರೆ ಯಾವ ಟ್ರಾನ್ಸಿಸ್ಟರ್? ಡಬ್ಬಿಯಲ್ಲಿದ್ದ ಬಿ.ಸಿ. ೧೪೯ ಟ್ರಾನ್ಸಿಸ್ಟರುಗಳ ಗೇನ್, ಅಂದರೆ ಸ್ವರ ಹಿಗ್ಗಿಸುವ ಶಕ್ತಿ, ಅಳೆದೆ. ರೇಡಿಯೋ ಕಸುಬಿನಲ್ಲಿ ಗೇನ್ ಹೆಚ್ಚಿದ್ದವನೇ ದೊಡ್ಡ ಅಳಿಯ. ಅವನನ್ನೇ ಕೂರಿಸಿ, ಪುಸ್ತಕದ ಪ್ರಕಾರ ಇನ್‌ಪುಟ್ ಶಾರ್ಟ್ ಮಾಡಿ, ಅಂದರೆ ಒಳಗೆ ಏನೂ ಬರದಂತೆ ಅದರ ಎರಡು ತುದಿ ಕೂಡಿಸಿ, ಕೇಳಿದೆ. ಪರಮಶಾಂತಿ. ಗಿಟಾರ್ ಜೋಡಿಸಿದ್ದೇ ತಡ, ಬಾಣಲೆಯಲ್ಲಿ ಎಣ್ಣೆ ಕಾದಂತೆ ಸುಯ್ಯೆಂದ.

ಈ ಸುಯ್ ಗಿಟಾರ್ ಜೋಡಿಸಿದಾಗಲೇ ಹೊರಬೀಳುವುದೆಂದು ಪುಸ್ತಕ ಮುಚ್ಚಿಟ್ಟು, ಶಿವಣ್ಣನಿಗೆ ತಂತಿಗಳ ಮೇಲೆ ಅಂಗೈ ಒತ್ತಿ ಕೂರಲು ಹೇಳಿದೆ.

"ಬಾರ್ಸ್ಲಾ ಸಾರ್?"

"ಬೇಡ ಕಣಯ್ಯ. ನೀನು ಸುಮ್ನಿರೋದನ್ನೇ ನಾನು ಕೇಳ್ಬೇಕು."

"ನಮ್ಮನೇಲಿ ಇದ್ನ ಕೇಳಿಸ್ಕಂಡೋರೇ ಇಲ್ಲ ಬುಡಿ."

ಒಂದೊಂದೇ ಟ್ರಾನ್ಸಿಸ್ಟರ್ ಬದಲಿಸುತ್ತ, ಇಬ್ಬರು ಗಂಡಸರು ನುಡಿಸದ ಗಿಟಾರಿನ ಸುತ್ತ ಶ್ರಾದ್ಧಕ್ಕೆ ಕೂತವರಂತೆ ಸಂಜೆಯವರೆಗೆ ಕೂತೆವು. ಅಂಗಡಿಯಲ್ಲಿ ಇನ್ನೊಬ್ಬರ ಉಸಿರು ಕೇಳಿ ಬಹಳ ದಿನವಾಗಿತ್ತು. ಕೊನೆಗೆ ಗೇನಿನಲ್ಲಿ ಸಾಧಾರಣನಾದ, ಆದರೆ ಬಾಯಿ ಬಿಡದ ಒಬ್ಬ ಸಿಕ್ಕಿದ. ಬೆಸುಗೆ ಹಾಕುವಾಗ ಕೆಲಸ ಇಷ್ಟು ಬೇಗ ಮುಗಿಯಿತೇ ಎನಿಸಿತು.

ಭಾನುವಾರ ಯಾರೂ ಕರೆಯದಿದ್ದರೂ ಕುಣಿಗಲ್ ಬಸ್ಸು ಹತ್ತಿದೆ. ಛತ್ರದ ಕೊನೆಯ ಸಾಲಿಗೂ ಪ್ರತಿ ತಂತಿ ಬಿಡಿಬಿಡಿಯಾಗಿ ಕೇಳಿಸಿತು. ಹಾಡು ನಿಂತಾಗ ಗಿಟಾರೂ ನಿಂತಿತು; ಸುಯ್ ಎನ್ನಲಿಲ್ಲ. ರಂಗಣ್ಣ ಶಿವಣ್ಣನ ಬೆನ್ನು ತಟ್ಟಿದರು: "ಪ್ರಾಕ್ಟೀಸ್ ಮಾಡಿದೀಯ ಕಣ್ಲಾ. ಮುಂದಿನ್ ವಾರನೂ ಬಾ."

ಶಿವಣ್ಣ ನನ್ನತ್ತ ಒಮ್ಮೆ ನೋಡಿ, "ಹೂಂ ಅಣ್ಣ, ದಿನಾ ಮಾಡ್ದೆ" ಅಂದ.

ಊಟದ ಪಂಕ್ತಿಯಲ್ಲಿ ಪಕ್ಕದವರು, "ತಾವು ಗಂಡಿನ ಕಡೆಯೋರಾ?" ಎಂದರು. ಹೌದೆಂದೆ. ಗಿಟಾರಿನ ಕಡೆಯವರಿಗೆ ಎಲೆ ಹಾಕುವ ಪದ್ಧತಿ ಇರಲಿಲ್ಲ.

ಕಸುಬು ಕಲಿಸಿದ್ದು ಇಷ್ಟು: ಬಫರ್ ಸರಿಯಾಗಿದ್ದರೆ ಅದು ಇದೆಯೆಂದೇ ಯಾರಿಗೂ ಗೊತ್ತಾಗಬಾರದು. ಅದನ್ನು ಕಟ್ಟಿದವನಿಗೂ ಇದೇ ನಿಯಮ. ಒಪ್ಪಿಕೊಂಡು, ಇನ್ನೊಂದು ಸಲ ಪಾಯಸ ಹಾಕಿಸಿಕೊಂಡೆ.