ಫಿದೆನ್ಸಿಯೊನ ಎರಡನೆಯ ದನಿ

ಮೆರಿದಾ ಪಟ್ಟಣದ ಚೌಕದಲ್ಲಿ ಸಂಜೆಯಾದರೆ ಬಿಳಿ ಅಂಗಿಯ ಹಾಡುಗಾರರು ಗಿಟಾರು ಹಿಡಿದು ಗಿರಾಕಿಗಳಿಗೆ ಕಾಯುತ್ತಿದ್ದರು. ಫಿದೆನ್ಸಿಯೊ ಕನುಲ್ ಅವರಲ್ಲೊಬ್ಬ. ಹಗಲೆಲ್ಲ ತೂಗುಹಾಸಿಗೆ ನೇಯುವನು. ಸಂಜೆ ಮೂವರ ಮೇಳದಲ್ಲಿ ಎರಡನೆಯ ದನಿ ಹಾಡುವನು. ಮೇಲಿನ ದನಿ ಗೆಳೆಯ ನೆಮೆಸಿಯೊನದು. ಹಾಡಿನ ಚಹರೆಯೆಲ್ಲ ಅದರಲ್ಲೇ. ಫಿದೆನ್ಸಿಯೊನದು ಅದರಡಿಯಲ್ಲಿ ನೆರಳಿನಂತೆ ಸಾಗುವ ದನಿ. ಒಂಟಿಯಾಗಿ ಕೇಳಿದರೆ ಯಾವ ಹಾಡೆಂಬುದೇ ತಿಳಿಯದು.

ಮೇಳಕ್ಕೆ ಹೆಸರು ತಂದದ್ದು ಒಂದು ಬೀಳ್ಕೊಡುಗೆಯ ಹಾಡು. ಬಿಟ್ಟುಹೋಗುವವಳನ್ನು ದೂರದೆ, ಹರಸಿ ಕಳುಹಿಸುವ ಹಾಡು ಅದು.

ಒಂದು ದಿನ ಅವನ ಹೆಂಡತಿ ಎದುವಿಹೆಸ್ ಒಲೆಯ ಮುಂದೆ ಕುಳಿತು ಹೇಳಿಬಿಟ್ಟಳು.

"ನಿನ್ ಹತ್ರ ಸುಳ್ಳು ಹೇಳಕ್ಕಾಗಲ್ಲ ಫಿದೆ. ವಯ್ಯಾದೊಲಿದ್‌ನ ಬೇಕರಿಯವನ ಜೊತೆ ಬಾಳ್ತೀನಿ. ನಾಳೆ ಬೆಳಿಗ್ಗೆ ಬಸ್ಸು. ಅಲ್ಲಿಗೆ ಬಂದು ನಾಲ್ಕು ಜನದ ಮುಂದೆ ನನ್ನ ಮಾನ ಮಾತ್ರ ತೆಗೀಬೇಡ."

ಮೆಕ್ಕೆಜೋಳದ ರೊಟ್ಟಿ ಅವನ ತಟ್ಟೆಯಲ್ಲೇ ಆರಿಹೋಯಿತು.

ಸಂಜೆ ವಿಷಯ ತಿಳಿದ ನೆಮೆಸಿಯೊ, "ಊರಿಗೆಲ್ಲ ಹರಸಿ ಕಳಿಸೋದು ಹೇಳಿಕೊಟ್ಯಲ್ಲ, ಈಗ ನಿನ್ನ ಸರದಿ ಕಣಯ್ಯಾ" ಎಂದು ಚುಚ್ಚಿದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು, "ನಾನೂ ಬರ್ಲಾ? ಮೇಲಿನ ದನಿಗೆ?" ಎಂದ.

"ಬೇಡ. ಹೋಗ್ತಿರೋಳು ನನ್ನ ಹೆಂಡ್ತಿ. ನಾನೇ ಹಾಡ್ಕೋತೀನಿ."

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಗಿಟಾರು ಹಿಡಿದು ಬಂದವನನ್ನು ಕಂಡು ಎದುವಿಹೆಸಳ ಮುಖ ಬಿಳಿಚಿಕೊಂಡಿತು.

"ಬಂದನಪ್ಪ. ಇನ್ನು ರಂಪ ಶುರು," ಎಂದಳು ಕಿತ್ತಳೆ ಮಾರುವವಳು.

ಅವನು ಆ ಹಾಡನ್ನೇ ಎತ್ತಿಕೊಂಡ. ಆದರೆ ಅಷ್ಟು ಕಾಲ ಹಾಡಿ ಪಳಗಿದ ಗಂಟಲು ಕೆಳಗಿನ ದಾರಿಯನ್ನೇ ಹಿಡಿಯಿತು. ಮೇಲಕ್ಕೆ ಏರಲು ಬಾರದು.

"ಶ್ರುತಿ ತಪ್ಪಿದೀರಿ ಯಜಮಾನ್ರೇ. ಅಳೋದಾದ್ರೂ ನೆಟ್ಟಗೆ ಅಳಿ," ಎಂದ ಒಬ್ಬ. ಜನ ನಕ್ಕರು.

ಅದು ತಪ್ಪಲ್ಲವೆಂದು ಅಲ್ಲಿ ಬಲ್ಲವಳು ಅವಳೊಬ್ಬಳೇ. ನೇಯುತ್ತ ಅವನು ಗುನುಗುತ್ತಿದ್ದ ಆ ದನಿಯನ್ನು ಅಡುಗೆಮನೆಯಿಂದ ಕೇಳುತ್ತಲೇ ಅವಳು ಸಂಸಾರ ಮಾಡಿದ್ದಳು. ಕೈಲಿದ್ದ ಬಟ್ಟೆಯ ಗಂಟನ್ನು ಕೆಳಗಿಟ್ಟು, ತಲೆ ತಗ್ಗಿಸಿಕೊಂಡೇ ಮೇಲಿನ ದನಿಯನ್ನು ಸೇರಿಸಿದಳು. ಆಗ ಹಾಡು ಯಾವುದೆಂದು ಎಲ್ಲರಿಗೂ ತಿಳಿಯಿತು. ನಗು ನಿಂತಿತು.

ಹಾಡು ಮುಗಿಯಿತು. ಡ್ರೈವರು ಹಾರ್ನ್ ಒತ್ತಿದ.

"ಹೊತ್ತಿಗೆ ಸರಿಯಾಗಿ ಉಣ್ಣು," ಎಂದಳು.

"ಹ್ಞೂ. ಹುಷಾರಾಗಿ ಹೋಗು."

ಗಂಟನ್ನು ಅವನೇ ಎತ್ತಿಕೊಟ್ಟ. ಅವಳು ಅವನು ನಿಂತ ಬದಿಯ ಕಿಟಕಿಯಲ್ಲಿ ಕೂರಲಿಲ್ಲ; ಅದನ್ನೂ ಅವನು ತಪ್ಪೆಂದೆಣಿಸಲಿಲ್ಲ.