ಇಳಿಜಾರಿನಲ್ಲಿ ಉಳಿಸಿದ ಡೀಸೆಲ್

ತಾಳವಾಡಿ ಸ್ಟ್ಯಾಂಡಿನ ಬಾಡಿಗೆ ಗಾಡಿಯವರೆಲ್ಲ ಒಂದು ವಿಷಯದಲ್ಲಿ ಮಹಾ ಜಿಪುಣರು. ಇಳಿಜಾರು ಕಂಡರೆ ಸಾಕು, ಕೀ ತಿರುಗಿಸಿ ಎಂಜಿನ್ ನಿಲ್ಲಿಸಿಬಿಡುತ್ತಾರೆ. ಗಾಡಿ ತನ್ನ ಭಾರಕ್ಕೆ ತಾನೇ ಉರುಳಿಕೊಂಡು ಹೋಗುತ್ತದೆ, ಡೀಸೆಲ್ ಉಳಿಯುತ್ತದೆ. ಈ ಜಿಪುಣರಲ್ಲೂ ಗೆಟ್ಟವಾಡಿಯ ಶಿವಮಲ್ಲಪ್ಪನದು ಎತ್ತಿದ ಕೈ. ದಿಂಬಂ ಘಾಟಿಯ ನೆತ್ತಿಯಲ್ಲಿ ಅವನು ಜೀಪಿನ ಕೀ ತಿರುಗಿಸಿದನೆಂದರೆ, ಅಷ್ಟೂ ತಿರುವು ಇಳಿದು ಬೆಟ್ಟದ ಬುಡದ ಬಣ್ಣಾರಿ ಬರುವತನಕ ಎಂಜಿನ್ ತುಟಿಪಿಟಕ್ ಅನ್ನುತ್ತಿರಲಿಲ್ಲ. ಅದು ಓಬೀರಾಯನ ಕಾಲದ ಜೀಪು. ಸ್ಟೀರಿಂಗು, ಬ್ರೇಕು ಎರಡೂ ಬರೀ ಕೈಕಾಲಿನ ಬಲದ ಮೇಲೆ ನಡೆಯುತ್ತಿದ್ದವು. ಎಂಜಿನ್ ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ಅಪಾಯವಲ್ಲವಾ ಎಂದು ಯಾರಾದರೂ ಕೇಳಿದರೆ ಅವರನ್ನು ಕೈಲಾಗದವರ ಹಾಗೆ ನೋಡುತ್ತಿದ್ದ.

ಹೆಂಡತಿ ಪುಟ್ಟನಂಜಮ್ಮನ ಎರಡೂ ಕಿಡ್ನಿ ಕೆಟ್ಟ ಮೇಲೆ ಈ ಜಿಪುಣತನ ಬರೀ ಚಟವಾಗಿ ಉಳಿಯಲಿಲ್ಲ. ವಾರಕ್ಕೆ ಎರಡು ಸಲ ಸತ್ಯಮಂಗಲಕ್ಕೆ ಹೋಗಿ ಅವಳಿಗೆ ಡಯಾಲಿಸಿಸ್ ಮಾಡಿಸಬೇಕು. ಒಂದು ಸಲ ತಪ್ಪಿದರೆ ಕಾಲು ಊದಿ, ಉಸಿರಿಗೆ ಒದ್ದಾಡುತ್ತಿದ್ದಳು. ಬಸ್ಸಿನ ಕುಲುಕಾಟ ಅವಳಿಗೆ ಆಗುತ್ತಿರಲಿಲ್ಲ. ಜೀಪೋ, ಲೀಟರಿಗೆ ಹತ್ತು ಕಿಲೋಮೀಟರೂ ಕೊಡದ ಕುಡುಕ. ಬಾಡಿಗೆ ಹೊಡೆದು ದುಡಿದದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತಿತ್ತು. ಗಾಡಿ ಬದಲಾಯಿಸದೆ ಇವಳನ್ನು ಉಳಿಸಿಕೊಳ್ಳಲಾರೆ ಎಂದು ಅವನಿಗೆ ಗೊತ್ತಾಯಿತು.

ಯಾವ ಗಾಡಿ ಅನ್ನುವುದಕ್ಕೆ ಸ್ಟ್ಯಾಂಡಿನಲ್ಲಿ ದೊಡ್ಡ ಪಂಚಾಯ್ತಿಯೇ ನಡೆಯಿತು. ಪಕ್ಕದ ಗಾಡಿಯ ಮುರುಗೇಶ ದೇಶಿ ಕಂಪನಿಯ ಕಡೆಯವನು.

"ನಮ್ಮ ದೇಸದ್ದೇ ತಗಳಣ್ಣ. ತಗಡು ಗಟ್ಟಿ, ಆನೆ ಒದ್ರೂ ತಡ್ಕತದ. ಕೆಟ್ರೆ ಚಾಮರಾಜನಗರದಲ್ಲಿ ಯಾವ ಮೆಕಾನಿಕ್ಕಾದ್ರೂ ರಿಪೇರಿ ಮಾಡ್ತನ."

"ಮೈಲೇಜು?"

"ಅದೊಂದು ವಸಿ ಕಮ್ಮಿ."

"ಆ ವಸಿನೇ ಕಣ್ಲಾ ನನ್ನೆಂಡ್ತಿ ಜೀವ" ಎಂದ ಶಿವಮಲ್ಲಪ್ಪ. ಮಾತು ಅಲ್ಲಿಗೆ ಮುಗಿಯಿತು.

ಜೀಪು ಮಾರಿ ಈರೋಡಿನಲ್ಲಿ ಜಪಾನ್ ಕಂಪನಿಯ ಹಳೆಯದೊಂದು ಸಣ್ಣ ಕಾರು ತಂದ. "ಓಡುವಾಗ ಎಂಜಿನ್ ಮಾತ್ರ ನಿಲ್ಲಿಸಬೇಡಿ, ಸ್ಟೀರಿಂಗೂ ಬ್ರೇಕೂ ಬಿಗಿಯಾಗುತ್ತವೆ" ಎಂದು ಮಾರಿದವನು ತಮಿಳಿನಲ್ಲಿ ಹೇಳಿ ಕೀ ಕೊಟ್ಟಿದ್ದ. ಬಯಲುಸೀಮೆಯವನಿಗೆ ಘಾಟಿಯ ಸಂಗತಿ ಏನು ಗೊತ್ತು ಎಂದುಕೊಂಡು ಇವನು ತಲೆಯಾಡಿಸಿದ್ದ. ಆದರೂ ಒಳಗೊಳಗೇ ಹೆದರಿಕೆಯಿತ್ತು. ಹಾಸನೂರಿನ ಕಡೆಯ ಸಣ್ಣಪುಟ್ಟ ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸುತ್ತಿದ್ದನೇ ಹೊರತು ದಿಂಬಂನಲ್ಲಿ ಕೀ ಮುಟ್ಟುತ್ತಿರಲಿಲ್ಲ. ಕಾರು ಲೀಟರಿಗೆ ಇಪ್ಪತ್ತರ ಮೇಲೆ ಕೊಟ್ಟಿತು. ಪುಟ್ಟನಂಜಮ್ಮ ದಾರಿಯುದ್ದಕ್ಕೂ ನಿದ್ದೆ ಮಾಡುವಂತಾದಳು. ಒಂದಷ್ಟು ದಿನ ಆ ಮನೆಯಲ್ಲಿ ಸ್ವಲ್ಪ ನೆಮ್ಮದಿಯಿತ್ತು.

ಆಮೇಲೆ ಡಾಕ್ಟರು, ಇನ್ನು ವಾರಕ್ಕೆ ಮೂರು ಸಲ ಬರಬೇಕು ಎಂದರು. ಕಾರಿನ ಮೈಲೇಜೂ ಸಾಲದಾಯಿತು.

ಮುಂದಿನ ಸಲ ಹೊರಟಾಗ ಮಗಳು ಶಿವರಂಜನಿ ಅವ್ವನ ಬೆನ್ನಿಗೆ ದಿಂಬು ಕೊಟ್ಟು, "ನಿದಾನಕ್ಕೋಗಪ್ಪ" ಎಂದಳು. ದಿಂಬಂ ನೆತ್ತಿಯಲ್ಲಿ ಶಿವಮಲ್ಲಪ್ಪ ಒಂದು ಗಳಿಗೆ ಯೋಚಿಸಿದ. ಕೀ ತಿರುಗಿಸಿದ.

ಪುಟ್ಟನಂಜಮ್ಮನಿಗೆ ಎಚ್ಚರವಾಯಿತು. "ಯಾಕಿ, ಗಾಡಿ ನಿಂತೋಯ್ತಾ?"

"ಇಲ್ಲ ಕಣ, ಮಲಿಕೊ."

ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು. ಎರಡನೆಯದರಲ್ಲೂ ಹಿಡಿಯಿತು. ಮುಂದಿನ ತಿರುವಿನಲ್ಲಿ ಕೆಳಗಿನಿಂದ ಸಿಮೆಂಟ್ ಲಾರಿ ರಸ್ತೆ ತುಂಬ ಹರಡಿಕೊಂಡು ಹತ್ತುತ್ತಿತ್ತು. ಬ್ರೇಕು ತುಳಿದರೆ ಬಂಡೆ ತುಳಿದಂತಾಯಿತು. ಎರಡೂ ಕೈಯಲ್ಲಿ ಜಗ್ಗಿದರೂ ಸ್ಟೀರಿಂಗು ಅರ್ಧ ಮಾತ್ರ ತಿರುಗಿತು. ಬಲಕ್ಕೆ ಕಣಿವೆ, ಎಡಕ್ಕೆ ಬೆಟ್ಟ. ಅವನು ಬೆಟ್ಟಕ್ಕೆ ಬಿಟ್ಟ. ಎಡಗಡೆ ಕೂತಿದ್ದವಳು ಪುಟ್ಟನಂಜಮ್ಮ.

ಅವಳ ಸೊಂಟ ಮುರಿದಿತ್ತು. ಇವನ ಹಣೆ ಒಂದಿಷ್ಟು ತರಚಿತ್ತು, ಅಷ್ಟೇ. ಆಸ್ಪತ್ರೆಗೆ ಪೊಲೀಸರು ಬಂದು ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಅವಳು ಹಾಸಿಗೆಯಿಂದ ಹೇಳಿದಳು: "ಎಂಜಿನ್ ಓಡ್ತಿತ್ತು ಸಾರ್. ಗಾಡೀದೇ ತಪ್ಪು. ಬ್ರೇಕು ಇಡೀನಿಲ್ಲ."

ಅವರು ಹೋದ ಮೇಲೆ ಶಿವಮಲ್ಲಪ್ಪ ಮಂಚದ ಕಂಬಿ ಹಿಡಿದು ನಿಂತ. "ಯಾಕಂಗಂದೆ, ನಂಜಿ?"

"ಸುಮ್ನಿರಿ ಕಣಿ. ನನ್ನ ಕರ್ಕೊಂಡ್ಬರಕೆ ತಾನೆ ನೀವು ಡೀಸೆಲ್ ಉಳುಸ್ತಿದ್ದುದು. ಮಗೀಗೆ ಗೊತ್ತಾಗದು ಬ್ಯಾಡ."

ವಾರ ತುಂಬುವ ಮೊದಲೇ ಅವಳು ತೀರಿಕೊಂಡಳು. ಗೆಟ್ಟವಾಡಿಯಲ್ಲಿ ಮಣ್ಣು ಮಾಡಿ ಬಂದವರೆಲ್ಲ ಫಾರಿನ್ ಕಾರಿಗೆ ಹಿಡಿಶಾಪ ಹಾಕಿದರು. ಚೆನ್ನಾಗಿ ಓಡುವ ಕಾರನ್ನು ಕೊಲೆಗಾರನನ್ನಾಗಿ ಮಾಡುವುದು ಎಷ್ಟು ಸುಲಭ! ಮೈಲೇಜಿಗೋಸ್ಕರ ತಗಡು ತೆಳ್ಳಗೆ ಮಾಡುತ್ತಾರೆ, ಬ್ರೇಕಿನಲ್ಲೂ ಉಳಿಸುತ್ತಾರೆ ಎಂದು ಸ್ಟ್ಯಾಂಡು ತೀರ್ಪು ಕೊಟ್ಟಿತು. ಶಿವಮಲ್ಲಪ್ಪ ಎಲ್ಲಕ್ಕೂ ಹೂಂಗುಟ್ಟಿದ. ಹೂಂಗುಟ್ಟುತ್ತ ಹೂಂಗುಟ್ಟುತ್ತ ಆ ಸುಳ್ಳು ಅವನಿಗೇ ನಿಜದಂತೆ ಕಾಣತೊಡಗಿತ್ತು.

ಮುರುಗೇಶ ಹೊಸ ದೇಶಿ ಗಾಡಿ ತೆಗೆದುಕೊಂಡ. ಸತ್ಯಮಂಗಲದ ಶೆಡ್ಡಿನಲ್ಲಿ ಬಿದ್ದಿದ್ದ ಕಾರನ್ನು ಗುಜರಿಗೆ ಹಾಕಿ ಬರಲು ಶಿವಮಲ್ಲಪ್ಪ ಮುರುಗೇಶನ ಗಾಡಿಯಲ್ಲೇ ಹೊರಟ. ಹಿಂದಿನ ಸೀಟಿನಲ್ಲಿ ಊರಿನ ಹೆಂಗಸರು, ಮಕ್ಕಳು. ದಿಂಬಂ ನೆತ್ತಿಯಲ್ಲಿ ಮುರುಗೇಶ ಕೀ ತಿರುಗಿಸಿದ. ಗಾಡಿ ಸದ್ದಿಲ್ಲದೆ ಇಳಿಯತೊಡಗಿತು.

"ಎಂಜಿನ್ ಆಕ್ಲಾ" ಎಂದ ಶಿವಮಲ್ಲಪ್ಪ.

"ಇದು ನಮ್ಮ ದೇಸದ್ದು ಕಣಣ್ಣ. ನಿಮ್ ಫಾರಿನ್ ಕಾರಂಗೆ ಕೈ ಕೊಡಕಿಲ್ಲ."

"ಕಾರು ಕೈ ಕೊಡ್ನಿಲ್ಲ ಕಣ್ಲಾ. ನಾನೂ ಇಂಗೇ ಆಫ್ ಮಾಡಿದ್ದೆ. ಅವಳ ಕೊಂದದ್ದು ನಾನು."

ಮುರುಗೇಶ ಅವನ ಮುಖ ನೋಡಿದ. ಮೊದಲ ತಿರುವಿಗೆ ಮುಂಚೆಯೇ ಎಂಜಿನ್ ಹೊತ್ತಿತು. ಹಿಂದೆ ಕೂತವರೆಲ್ಲ ಕೇಳಿಸಿಕೊಂಡಿದ್ದರು.

ಫೋನಿನಲ್ಲಿ ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತ್ತು. ಸಂಜೆ ಮನೆಗೆ ಬಂದಾಗ ಶಿವರಂಜನಿ ಬಾಗಿಲಲ್ಲೇ ನಿಂತಿದ್ದಳು.

"ಅವ್ವ ಪೊಲೀಸರತ್ರ ಸುಳ್ಳೇಳಿದ್ದಾ?"

"ಊಂ ಕಣವ್ವ."

"ಅಷ್ಟು ನೋವಲ್ಲೂ?"

ಅವಳು ಒಳಗೆ ಹೋಗಿ ಅವನಿಗೊಬ್ಬನಿಗೆ ತಟ್ಟೆ ಇಟ್ಟು, ಮುದ್ದೆ ಹಾಕಿ, ಸಾರು ಬಿಟ್ಟಳು. ದಿನಾ ಅವನ ಜೊತೆ ಉಣ್ಣುತ್ತಿದ್ದವಳು ಆಮೇಲೆ ತನ್ನ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೂತಳು.